9 ದಿನ ರಜೆ, 5 ಊರು, ಜೊತೆಗೆ ಅತ್ತೆ ಮಾವ, ಆರು ವರ್ಷದ ಮಗಳು: ಆಗತ್ತಾ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಟೂರ್ ಪ್ಲಾನಿಂಗ್ ಕೆಲಸದಲ್ಲಿರೋರು ಗುಂಪಲ್ಲಿ ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ. ನಮಗೆ ಒಟ್ಟು 9 ದಿನ ರಜೆ ಸಿಕ್ಕಿದೆ, ಮೊದಲ ಸಲ ವಿದೇಶ, ಒಂದೇ ದೇಶ ಆದ್ರೂ ಐದು ಊರು ಲಿಸ್ಟಲ್ಲಿದೆ, ಅಷ್ಟು ದೂರ ಹೋಗಿ ಬಿಟ್ಟು ಬರೋಕೆ ಮನಸ್ಸು ಬರ್ತಿಲ್ಲ. ನಮ್ಮವರು ಗಂಟೆಗಂಟೆಗೂ ಎಕ್ಸೆಲ್ ಶೀಟ್ ಮಾಡಿಟ್ಟಿದ್ದಾರೆ, ಅದನ್ನ ಓದಿದ್ರೇ ಸುಸ್ತಾಗತ್ತೆ. ಯಾವ್ದನ್ನ ಮೊದಲೇ ಬುಕ್ ಮಾಡ್ಬೇಕು, ಯಾವ್ದನ್ನ ಅಲ್ಲಿ ಹೋದ್ಮೇಲೆ ನೋಡ್ಕೋಬಹುದು?

ಉತ್ತರ (ಟೂರ್ ಪ್ಲಾನರ್): ಮೇಡಂ, ನಾನು ಇದೇ ಕೆಲಸ ಮಾಡೋನು, ಬೇಜಾರು ಮಾಡ್ಕೋಬೇಡಿ, ಐದು ಊರು ಆಗಲ್ಲ. ಲೆಕ್ಕ ಹಾಕಿ ನೋಡಿ. ಹೋಗೋ ದಿನ, ವಾಪಸ್ ಬರೋ ದಿನ ಎರಡೂ ಪ್ರಯಾಣಕ್ಕೇ ಹೋಯ್ತು, ಉಳಿದಿದ್ದು 7. ಐದು ಊರು ಅಂದ್ರೆ ನಡುವೆ ನಾಲ್ಕು ಸಲ ರೂಮ್ ಬದಲಾಯಿಸ್ಬೇಕು. ಹೋಟೆಲ್‌ನವರು ಬೆಳಿಗ್ಗೆ 10-11ಕ್ಕೆ ಖಾಲಿ ಮಾಡಿ ಅಂತಾರೆ, ಹೊಸ ಕಡೆ ರೂಮ್ ಕೊಡೋದು ಮಧ್ಯಾಹ್ನ 2-3ರ ಮೇಲೆ, ನಡುವೆ ಪ್ಯಾಕಿಂಗು, ಸ್ಟೇಷನ್ನು, ದಾರಿ, ಹಾಗಾಗಿ ಪ್ರತಿ ಸಲ ಕಡಿಮೆ ಅಂದ್ರೂ ಅರ್ಧ ದಿನ ಹೋಗತ್ತೆ. ನಾಲ್ಕು ಅರ್ಧ ಅಂದ್ರೆ ಎರಡು ದಿನ. ಕೈಗೆ ಬಂದಿದ್ದು 5 ದಿನ, 5 ಊರಿಗೆ, ಅದೂ ಯಾರಿಗೂ ಹುಷಾರು ತಪ್ಪದೆ ಯಾವ ಟ್ರೈನೂ ತಪ್ಪದೆ ಇದ್ರೆ.

ಎರಡು ಊರು ಇಟ್ಕೊಳ್ಳಿ. ಉಳಿದ ಮೂರರಲ್ಲಿ ಯಾವ್ದಾದ್ರೂ ಎರಡು ಗಂಟೆ ದೂರದಲ್ಲಿದ್ರೆ ಲಗೇಜ್ ರೂಮಲ್ಲೇ ಬಿಟ್ಟು ಬೆಳಿಗ್ಗೆ ಹೋಗಿ ಸಂಜೆ ಬನ್ನಿ. ಮತ್ತೆ ಟಿಕೆಟ್ ಹುಡುಕುವಾಗ ರೌಂಡ್ ಟ್ರಿಪ್ ಬದಲು ಮಲ್ಟಿ ಸಿಟಿ ಅಂತ ಆಪ್ಷನ್ ಇರತ್ತೆ ನೋಡಿ, ಒಂದು ಊರಲ್ಲಿ ಇಳಿದು ಇನ್ನೊಂದು ಊರಿಂದ ಹೊರಡೋದು, ಇಳಿದ ಊರಿಗೇ ವಾಪಸ್ ಬರೋ ಒಂದು ದಿನ ಅಲ್ಲೇ ಉಳಿಯತ್ತೆ.

ಯಾವ್ದು ಬುಕ್ ಮಾಡ್ಬೇಕು ಅನ್ನೋದಕ್ಕೆ ನನ್ನ ಅಳತೆ ಒಂದೇ: ತಪ್ಪಿದ್ರೆ ಅಲ್ಲಿ ಸರಿ ಮಾಡೋಕೆ ಆಗಲ್ಲ ಅನ್ನೋದನ್ನ ಮೊದಲೇ ಗಟ್ಟಿ ಮಾಡ್ಕೊಳ್ಳಿ, ಉಳಿದಿದ್ದು ಸಡಿಲ ಬಿಡಿ. ಪಾಸ್‌ಪೋರ್ಟ್, ವೀಸಾ, ವಿಮಾನ, ಮೊದಲ ರಾತ್ರಿ ಕೊನೆ ರಾತ್ರಿಯ ರೂಮ್, ಟೈಮ್ ಸ್ಲಾಟ್ ಇರೋ ಜಾಗಗಳ ಟಿಕೆಟ್, ಇವು ಗಟ್ಟಿ. ತುಂಬ ದೇಶದವರು ಪಾಸ್‌ಪೋರ್ಟಲ್ಲಿ ಇನ್ನೂ 6 ತಿಂಗಳ ಅವಧಿ ಇರ್ಬೇಕು ಅಂತಾರೆ, ಷೆಂಗೆನ್ ದೇಶಗಳಿಗಾದ್ರೆ (ಒಂದೇ ವೀಸಾದಲ್ಲಿ ಓಡಾಡೋಕಾಗೋ ಯುರೋಪಿನ ದೇಶಗಳ ಗುಂಪು) ಅಲ್ಲಿಂದ ಹೊರಡೋ ದಿನದ ಮೇಲೆ 3 ತಿಂಗಳು. ಮಗಳದ್ದು ಮೊದಲು ನೋಡಿ, ಮಕ್ಕಳ ಪಾಸ್‌ಪೋರ್ಟ್ ಬೇಗ ಮುಗಿಯತ್ತೆ, ಅದನ್ನೇ ಎಲ್ಲರೂ ಮರೆಯೋದು. ವಾರದ ರಜೆ ದಿನಾನೂ ನೋಡ್ಕೊಳ್ಳಿ, ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರತ್ತೆ, ತಾಜ್ ಮಹಲ್ ಶುಕ್ರವಾರ ಪ್ರವಾಸಿಗರಿಗಿಲ್ಲ, ಊರಲ್ಲಿ ನಿಮಗಿರೋದೇ ಒಂದು ದಿನ, ಅದೇ ದಿನ ಬಾಗಿಲು ಹಾಕಿದ್ರೆ ಏನ್ ಮಾಡ್ತೀರಿ.

ಸಡಿಲ ಬಿಡೋದು ಅಂದ್ರೆ ದಿನಕ್ಕೆ ಒಂದೇ ದೊಡ್ಡ ಕೆಲಸ, ಅದು ಬೆಳಿಗ್ಗೆ. ಮಧ್ಯಾಹ್ನ ರೂಮಿಗೆ ವಾಪಸ್ಸು. ಸಂಜೆಗೆ ಏನೂ ಬರೀಬೇಡಿ, ಅವತ್ತಿನ ಮೂಡು ನೋಡ್ಕೊಂಡು ಹೋಗಿ. ಆರು ವರ್ಷದ ಮಗುಗೂ ಅರವತ್ತು ದಾಟಿದವರಿಗೂ ಇದೇ ಹೊಂದೋದು, ಅವರಿಬ್ಬರ ನಡುವೆ ಇರೋರೇ ಓಡಾಡೋಣ ಓಡಾಡೋಣ ಅಂತ ಎಳೆಯೋದು ☺

ಸದಸ್ಯ: ಸರ್, ಇಷ್ಟೆಲ್ಲ ಪ್ಲಾನ್ ಯಾಕೆ, ಬ್ಯಾಗ್ ಹಾಕ್ಕೊಂಡು ಹೊರಟ್ಬಿಡೋದೇ ಮಜಾ ಅಲ್ವಾ?

ಉತ್ತರ: ಒಬ್ರೇ ಹೋಗೋದಾದ್ರೆ ಖಂಡಿತ ಹೊರಡಿ, ನಾನ್ಯಾಕೆ ಬೇಡ ಅನ್ಲಿ. ಐದು ಜನ ಇರೋವಾಗ ಒಬ್ಬರಿಗೆ ಬಾತ್‌ರೂಮ್ ಬೇಕು, ಒಬ್ಬರಿಗೆ ಕಾಲು ನೋವು, ರಾತ್ರಿ ಎಂಟಕ್ಕೆ ಬೀದೀಲಿ ನಿಂತು ರೂಮ್ ಹುಡುಕಿದ್ರೆ ಮಜಾ ನಿಮಗೆ ಮಾತ್ರ. ಆದ್ರೂ ಪ್ಲಾನ್ ಮಾಡೋದ್ರಲ್ಲೇ ಒಂದು ಖುಷಿ ಇದೆ. ನೆದರ್ಲೆಂಡ್ಸ್‌ನಲ್ಲಿ 1,530 ಜನರನ್ನ ಇಟ್ಕೊಂಡು ಮಾಡಿದ ಒಂದು ಅಧ್ಯಯನ 2010ರಲ್ಲಿ ಪ್ರಕಟ ಆಯ್ತು, ರಜೆಗೆ ಹೋಗೋರು ಹೋಗೋಕೆ ಮುಂಚೆ ಉಳಿದವರಿಗಿಂತ ಖುಷಿಯಾಗಿದ್ರು, ಬಂದ್ಮೇಲೆ ಇಬ್ಬರಿಗೂ ಹೆಚ್ಚು ವ್ಯತ್ಯಾಸ ಇರ್ಲಿಲ್ಲ, ತುಂಬ ಆರಾಮಾಗಿ ರಜೆ ಕಳೆದವರಿಗೆ ಮಾತ್ರ ಸ್ವಲ್ಪ ದಿನ ಉಳೀತು. ನಾನಂತೂ ಇದನ್ನ ಓದಿದ್ಮೇಲೆ ದಿನಾಂಕ ಬೇಗ ಗೊತ್ತು ಮಾಡಿ ಅಂತ ಎಲ್ಲರಿಗೂ ಹೇಳ್ತೀನಿ, ಕಾಯೋ ಖುಷೀನೂ ರಜೆದೇ ಅಲ್ವಾ.

ಸದಸ್ಯೆ: ಎರಡು ಫ್ಲೈಟ್ ಬೇರೆ ಬೇರೆಯಾಗಿ ಬುಕ್ ಮಾಡಿದ್ರೆ ಅಗ್ಗ ಬೀಳ್ತಿದೆ ಸರ್, ಮಾಡ್ಬಹುದಾ? ನಡುವೆ ಒಂದೂವರೆ ಗಂಟೆ ಟೈಮಿದೆ.

ಉತ್ತರ: ಬೇಡ ತಾಯಿ. ಎರಡೂ ಒಂದೇ ಬುಕಿಂಗಲ್ಲಿದ್ರೆ ಮೊದಲನೇದು ತಡ ಆಗಿ ಎರಡನೇದು ತಪ್ಪಿದಾಗ ಮುಂದಿನ ಫ್ಲೈಟಿಗೆ ಕೂರಿಸೋ ಜವಾಬ್ದಾರಿ ಏರ್‌ಲೈನ್‌ದು. ಬೇರೆ ಬೇರೆ ಟಿಕೆಟ್ ಆದ್ರೆ ಎರಡನೇ ಏರ್‌ಲೈನ್ ಲೆಕ್ಕದಲ್ಲಿ ನೀವು ಬರ್ಲೇ ಇಲ್ಲ ಅಂತ, ಟಿಕೆಟ್ ಹೋಯ್ತು. ಸಾಮಾನ್ಯವಾಗಿ ಲಗೇಜೂ ನೀವೇ ಇಳಿಸ್ಕೊಂಡು ಮತ್ತೆ ಚೆಕ್-ಇನ್ ಮಾಡ್ಬೇಕು, ಅದಕ್ಕೆ ಆ ದೇಶದ ಇಮಿಗ್ರೇಷನ್ ದಾಟ್ಬೇಕು, ಅಲ್ಲಿಗೆ ವೀಸಾ ಬೇಕಾ ಅನ್ನೋದು ಇನ್ನೊಂದು ತಲೆನೋವು. ಹಾಗೇ ಮಾಡ್ಲೇಬೇಕು ಅಂದ್ರೆ ನಡುವೆ ಒಂದು ರಾತ್ರಿ ಉಳಿಯೋ ಹಾಗೆ ಇಟ್ಕೊಳ್ಳಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಮಾವನಿಗೆ ಬಿಪಿ, ಶುಗರ್ ಎರಡೂ ಇದೆ, ಫ್ಲೈಟು ತುಂಬ ಉದ್ದ, ಏನ್ ನೋಡ್ಕೋಬೇಕು? ಎರಡನೇ ಊರು ಬೆಟ್ಟದ ಮೇಲೆ, 3,400 ಮೀಟರ್ ಅಂತ ತೋರಿಸ್ತಿದೆ.

ಉತ್ತರ: ಎತ್ತರದ ವಿಷಯ ಮೊದಲು. ಕೆಳಗಿನ ಊರಿಂದ ವಿಮಾನದಲ್ಲಿ ಸೀದಾ ಹೋಗಿ 3,400 ಮೀಟರಲ್ಲಿ ಮಲಗೋದು ಯಾರಿಗೂ ಒಳ್ಳೇದಲ್ಲ, ಗಟ್ಟಿಮುಟ್ಟಾಗಿರೋ ಹುಡುಗರಿಗೂ ತಲೆನೋವು, ವಾಂತಿ ಬರತ್ತೆ, ಫಿಟ್‌ನೆಸ್ ಇದನ್ನ ತಡೆಯಲ್ಲ. ನಡುವೆ 2,500 ಮೀಟರ್ ಹತ್ರ ಎಲ್ಲಾದ್ರೂ ಒಂದೆರಡು ರಾತ್ರಿ ಉಳಿದು ಹತ್ತಿ. 3,000 ದಾಟಿದ್ಮೇಲೆ ಮಲಗೋ ಎತ್ತರ ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚಿಸ್ಬಾರ್ದು ಅನ್ನೋದು ಡಾಕ್ಟರುಗಳೂ ಹೇಳೋ ಲೆಕ್ಕ. ತಲೆನೋವು ಜಾಸ್ತಿ ಆಗ್ತಾ ಹೋದ್ರೆ, ತೂರಾಡಿದ್ರೆ, ಸುಮ್ನೆ ಕೂತಾಗ್ಲೂ ಉಸಿರು ಕಟ್ಟಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ತಕ್ಷಣ ಕೆಳಗಿಳಿಸಿ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ನಿಮ್ಮ 9 ದಿನದಲ್ಲಿ ಇದಕ್ಕೆಲ್ಲ ಜಾಗ ಇಲ್ಲ ಅಂತಾದ್ರೆ ಆ ಊರು ಬಿಟ್ಬಿಡಿ, ನಾನಾದ್ರೆ ಬಿಡ್ತಿದ್ದೆ. ಇಟ್ಕೊಳ್ತೀರಿ ಅಂದ್ರೂ ಮಾವನವರ ಡಾಕ್ಟರನ್ನ ಕೇಳದೆ ಬುಕ್ ಮಾಡ್ಬೇಡಿ.

ಔಷಧಿ ಎಲ್ಲ ಕೈ ಬ್ಯಾಗಲ್ಲಿ, ಸ್ಟ್ರಿಪ್ ಬಿಡಿಸದೆ, ಚೀಟಿ ಜೊತೆ. ರಜೆಗಿಂತ ಒಂದು ವಾರಕ್ಕೆ ಜಾಸ್ತಿ ಇಟ್ಕೊಳ್ಳಿ. ಕೋಡೀನ್ (ಅಫೀಮಿನ ಜಾತಿಯ ಔಷಧಿ) ಇರೋ ಕೆಮ್ಮಿನ ಸಿರಪ್ಪಿಗೂ ಕೆಲವು ದೇಶಗಳಲ್ಲಿ ನಿರ್ಬಂಧ ಇದೆ, ಹೋಗೋ ದೇಶದ ನಿಯಮ ಮೊದಲೇ ನೋಡಿ. ಟೈಮ್ ಜೋನ್ ಬದಲಾದಾಗ ಮಾತ್ರೆ, ಇನ್ಸುಲಿನ್ ಯಾವಾಗ ತಗೋಬೇಕು ಅಂತಾನೂ ಡಾಕ್ಟರ್ ಹತ್ರ ಬರೆಸ್ಕೊಳ್ಳಿ. ಇನ್ಶೂರೆನ್ಸ್ ಮಾಡಿಸುವಾಗ ಬಿಪಿ ಶುಗರ್ ಮುಚ್ಚಿಡ್ಬೇಡಿ, ಮುಚ್ಚಿಟ್ರೆ ಕ್ಲೇಮ್ ಹೊತ್ತಲ್ಲಿ ಅದನ್ನೇ ಹಿಡ್ಕೊಳ್ತಾರೆ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಸಾಧ್ಯತೆ ಹೆಚ್ಚಾಗತ್ತೆ, ನಡುದಾರಿ ಪಕ್ಕದ ಸೀಟ್ ಕೊಡ್ಸಿ, ಆಗಾಗ ಎದ್ದು ಓಡಾಡ್ಲಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸ್ಲಿ. ವೀಲ್‌ಚೇರ್ ಬೇಕು ಅಂತ ಎರಡು ದಿನ ಮೊದಲೇ ಏರ್‌ಲೈನ್‌ಗೆ ಹೇಳಿಟ್ರೆ ಆಯ್ತು, ನಾಚಿಕೆ ಏನಿಲ್ಲ ಅದ್ರಲ್ಲಿ.

ಸದಸ್ಯ: ಜೆಟ್‌ಲ್ಯಾಗ್‌ಗೆ, ಅಂದ್ರೆ ಟೈಮ್ ಜೋನ್ ಬದಲಾಗಿ ನಿದ್ದೆ ಏರುಪೇರಾಗೋದಕ್ಕೆ, ಏನಾದ್ರೂ ಉಪಾಯ?

ಉತ್ತರ: ಪಶ್ಚಿಮಕ್ಕಿಂತ ಪೂರ್ವಕ್ಕೆ ಹೋದಾಗ ಕಷ್ಟ ಜಾಸ್ತಿ. ನಮ್ಮ ದೇಹದ ಗಡಿಯಾರ 24 ಗಂಟೆಗಿಂತ ಸ್ವಲ್ಪ ಉದ್ದ, ಅದಕ್ಕೆ ತಡವಾಗಿ ಮಲಗೋದು ಸುಲಭ, ಬೇಗ ಮಲಗೋದು ಕಷ್ಟ. ಪೂರ್ವಕ್ಕಾದ್ರೆ ಹೊರಡೋಕೆ ಮೂರು ದಿನ ಇರೋವಾಗಿಂದ ದಿನಾ ಅರ್ಧ ಗಂಟೆ, ಒಂದು ಗಂಟೆ ಬೇಗ ಮಲಗಿ ಬೇಗ ಏಳಿ. ಇಳಿದ್ಮೇಲೆ ಹಗಲಲ್ಲಿ ಹೊರಗಿರಿ, ತಡೆಯೋಕೆ ಆಗದಿದ್ರೆ ಅರ್ಧ ಗಂಟೆ ಮೀರದ ಹಾಗೆ ಅಲಾರಂ ಇಟ್ಟು ಮಲಗಿ. ಅಂದಾಜು ಟೈಮ್ ಜೋನಿಗೆ ಒಂದು ದಿನ ಬೇಕು ಸರಿಹೋಗೋಕೆ, ಮೊದಲನೇ ದಿನಕ್ಕೆ ದೊಡ್ಡ ಟಿಕೆಟ್ ಯಾವ್ದೂ ಬುಕ್ ಮಾಡ್ಬೇಡಿ.

ಸದಸ್ಯೆ: ಪವರ್ ಬ್ಯಾಂಕ್ ದೊಡ್ಡ ಲಗೇಜಲ್ಲಿ ಹಾಕ್ಬಹುದಾ? ಮತ್ತೆ ಕಾರ್ಡ್ ಉಜ್ಜಿದಾಗ ನಿಮ್ಮ ದೇಶದ ಹಣದಲ್ಲಿ ಕಟ್ತೀರಾ ಅಂತ ಕೇಳ್ತಾರಂತೆ?

ಉತ್ತರ: ಪವರ್ ಬ್ಯಾಂಕ್ ಕೈ ಬ್ಯಾಗಲ್ಲೇ, ಚೆಕ್-ಇನ್ ಲಗೇಜಲ್ಲಿ ಹಾಕೋ ಹಾಗಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್ ಅವರ್ (ಬ್ಯಾಟರಿ ಹಿಡಿಯೋ ಶಕ್ತಿಯ ಅಳತೆ), 20,000 ಎಂಎಎಚ್‌ದು ಸುಮಾರು 74 ಆಗತ್ತೆ, ತೊಂದ್ರೆ ಇಲ್ಲ, ಆದ್ರೆ ಅದ್ರ ಮೇಲೆ ಬರೆದಿರೋದು ಅಳಿಸಿಹೋಗಿದ್ರೆ ಸೆಕ್ಯುರಿಟೀಲಿ ಕಿತ್ಕೊಳ್ಳೋ ಸಾಧ್ಯತೆ ಇದೆ. ಕಾರ್ಡ್ ಮಷಿನ್ ಹಾಗೆ ಕೇಳಿದ್ರೆ ಯಾವಾಗ್ಲೂ ಆ ದೇಶದ ಹಣವನ್ನೇ ಒತ್ತಿ, ಇನ್ನೊಂದರಲ್ಲಿ ಅವರು ಹಾಕೋ ರೇಟು ಹೆಚ್ಚು ಕಮ್ಮಿ ಯಾವಾಗ್ಲೂ ನಿಮಗೆ ನಷ್ಟಾನೇ.

ಪ್ರಶ್ನೆ ಕೇಳಿದವರು: ಕೊನೇದಾಗಿ ಸರ್, ಬ್ಯಾಗ್ ಬರ್ಲೇ ಇಲ್ಲ ಅಂದ್ರೆ?

ಉತ್ತರ: ಏರ್‌ಪೋರ್ಟಿಂದ ಹೊರಗೆ ಕಾಲಿಡೋಕೆ ಮುಂಚೆ ಅಲ್ಲೇ ಬ್ಯಾಗೇಜ್ ಕೌಂಟರಲ್ಲಿ ಪಿಐಆರ್ ಅನ್ನೋ ದೂರು ಬರೆಸಿ ನಂಬರ್ ತಗೊಳ್ಳಿ, ಹೋಟೆಲಿಗೆ ಹೋಗಿ ಫೋನ್ ಮಾಡ್ತೀನಿ ಅಂದ್ರೆ ಆಗಲ್ಲ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ವಿಮಾನದಲ್ಲಿ ಬ್ಯಾಗ್ ಹಾಳಾಗಿದ್ರೆ ಕೈಗೆ ಸಿಕ್ಕ 7 ದಿನದೊಳಗೆ, ತಡವಾಗಿ ಬಂದಿದ್ರೆ ಸಿಕ್ಕ ದಿನದಿಂದ 21 ದಿನದೊಳಗೆ ಬರವಣಿಗೇಲಿ ದೂರು ಕೊಡ್ಬೇಕು, 21 ದಿನ ಆದ್ರೂ ಬರ್ಲಿಲ್ಲ ಅಂದ್ರೆ ಕಳೆದುಹೋಗಿದೆ ಅಂತ್ಲೇ ಪರಿಹಾರ ಕೇಳ್ಬಹುದು. ಬ್ಯಾಗ್ ಇಲ್ಲದ ದಿನಗಳಲ್ಲಿ ಕೊಂಡ ಅಗತ್ಯ ವಸ್ತುಗಳ ಬಿಲ್ ಎಲ್ಲ ಇಟ್ಕೊಳ್ಳಿ. ಪ್ಯಾಕ್ ಮಾಡುವಾಗ ತೆರೆದ ಬ್ಯಾಗಿನ ಒಂದು ಫೋಟೋ, ಮುಚ್ಚಿದ್ಮೇಲೆ ಒಂದು ಫೋಟೋ ತೆಗೀರಿ. ಮತ್ತೆ ಐದೂ ಜನರ ಬಟ್ಟೆ ಎಲ್ಲ ಬ್ಯಾಗಲ್ಲೂ ಕಲಸಿ ಹಾಕಿ, ಒಂದು ಹೋದ್ರೂ ಯಾರೂ ಉಟ್ಟ ಬಟ್ಟೇಲೇ ಉಳಿಯಲ್ಲ.