ಮುಂದಿನ ಡಿಫರೆನ್ಷಿಯಲ್‌ನ ಆಯಿಲ್ ಸೋರಿಕೆ: ಮೂರನೆಯ ಸೀಲ್ ಹಾಕಿಸುವ ಮೊದಲು

ಸೋಮವಾರಪೇಟೆ ಕಡೆಯಿಂದ ಬಂದ ಪ್ರಶ್ನೆ

ನನ್ನ ಬಳಿ 1998ರ ಮಾರುತಿ ಜಿಪ್ಸಿ ಇದೆ. ತೋಟದ ಕೆಲಸಕ್ಕೂ ಮಳೆಗಾಲದಲ್ಲಿ ಪೇಟೆಗೆ ಹೋಗಿಬರುವುದಕ್ಕೂ ಮನೆಯಲ್ಲಿರುವುದು ಅದೊಂದೇ ವಾಹನ. ಎರಡು ವರ್ಷಗಳಿಂದ, ಎಂಜಿನ್ನಿನ ಶಕ್ತಿಯನ್ನು ಮುಂದಿನ ಎರಡು ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆಯಾದ ಮುಂದಿನ ಡಿಫರೆನ್ಷಿಯಲ್‌ನಲ್ಲಿ ಆಯಿಲ್ ಸೋರುತ್ತಿದೆ. ಅದರೊಳಗಿನ ಚಿಕ್ಕ ಗೇರಾದ ಪಿನಿಯನ್ ಹೊರಬರುವ ಜಾಗದ ಸೀಲನ್ನು (ಪಿನಿಯನ್ ಸೀಲ್) ಎರಡು ಸಲ ಬದಲಿಸಿಯಾಯಿತು. ಎರಡು ಸಲವೂ ಬೇಸಿಗೆಯಲ್ಲಿ ಹಾಕಿಸಿದ್ದು. ಮಳೆ ಹಿಡಿಯುವವರೆಗೆ ಒಂದು ಹನಿಯೂ ಬೀಳಲಿಲ್ಲ, ಜೂನ್ ಕಳೆಯುತ್ತಿದ್ದಂತೆ ಮತ್ತೆ ಶುರುವಾಯಿತು. ಈಗ ಎಡಗಡೆಯ ಚಕ್ರದ ಒಳಭಾಗದಲ್ಲೂ ಕಪ್ಪು ಜಿಡ್ಡು ಕಾಣುತ್ತಿದೆ. ಇನ್ನೊಂದು ಸೀಲ್ ಹಾಕಿಸುವುದೋ, ಇಡೀ ಹೌಸಿಂಗ್ (ಹೊರಕವಚ) ಬಿಚ್ಚಿಸುವುದೋ ತಿಳಿಯುತ್ತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಸುಂಟಿಕೊಪ್ಪದಿಂದ

ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಜಿಪ್ಸಿಯನ್ನೇ ಓಡಿಸುತ್ತಿದ್ದೇನೆ. ಅದರ ಮುಂದಿನ ಆಕ್ಸಲನ್ನು ಮೂರು ಬಾರಿ ಕೈಯಾರೆ ಬಿಚ್ಚಿ ಜೋಡಿಸಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇಸಿಗೆಯಲ್ಲಿ ಸೋರಲಿಲ್ಲ ಎಂಬ ಮಾತು. ಬೇಸಿಗೆಯಲ್ಲಿ ನಾವು ಮುಂದಿನ ಹಬ್‌ಗಳನ್ನು ಫ್ರೀ ಮಾಡಿ, ಅಂದರೆ ಮುಂದಿನ ಚಕ್ರಗಳನ್ನು ಅವುಗಳ ಶಾಫ್ಟಿನಿಂದ ಬಿಡಿಸಿ, ಹಿಂದಿನ ಚಕ್ರಗಳ ಮೇಲೆಯೇ ಓಡಿಸುತ್ತೇವೆ. ಆಗ ಮುಂದಿನ ಕ್ರೌನ್ (ದೊಡ್ಡ ಗೇರು), ಪಿನಿಯನ್, ಜಾಯಿಂಟ್ ಶಾಫ್ಟ್ ಯಾವುದೂ ತಿರುಗುವುದಿಲ್ಲ, ಆಯಿಲ್ ಬಿಸಿಯಾಗುವುದಿಲ್ಲ, ಸೀಲಿಗೆ ಪರೀಕ್ಷೆಯೇ ಇರುವುದಿಲ್ಲ. ಮಳೆ ಹಿಡಿದು ಕೆಸರಿನಲ್ಲಿ ಫೋರ್ ವ್ಹೀಲ್ ಹಾಕಲು ಶುರುಮಾಡಿದ ಮೇಲಷ್ಟೇ ಒಳಗಿನ ದೋಷ ಹೊರಗೆ ಕಾಣುತ್ತದೆ. ಹಾಗಾಗಿ ನಿಮ್ಮ ಎರಡೂ ರಿಪೇರಿಗಳು ಕೆಲವು ತಿಂಗಳು ಬಾಳಿ ಆಮೇಲೆ ಕೆಟ್ಟವು ಎನ್ನುವುದಕ್ಕಿಂತ, ಮೂಲ ಕಾರಣ ಮೊದಲ ದಿನದಿಂದಲೂ ಹಾಗೆಯೇ ಉಳಿದಿತ್ತು ಎಂದು ತಿಳಿಯುವುದು ಸರಿ. ಅದನ್ನು ಹುಡುಕದೆ ಮೂರನೆಯ ಸೀಲಿಗೆ ಹಣ ಹಾಕಬೇಡಿ.

ಮೊದಲು ಬ್ರೀದರ್ ನೋಡಿ. ಆಕ್ಸಲ್ ಹೌಸಿಂಗ್‌ನ ಮೇಲ್ಭಾಗದಲ್ಲಿ ಹೆಬ್ಬೆರಳ ತುದಿಯಷ್ಟು ಚಿಕ್ಕದಾಗಿ, ಸಾಮಾನ್ಯವಾಗಿ ಮಣ್ಣಿನ ಹೆಂಟೆಯ ಕೆಳಗೆ ಮುಚ್ಚಿಹೋಗಿರುತ್ತದೆ. ಆಯಿಲ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗಬೇಕಾದ ದಾರಿ ಅದೊಂದೇ. ಅದು ಕಟ್ಟಿಕೊಂಡರೆ ಒತ್ತಡವೆಲ್ಲ ಸೀಲಿನ ತುಟಿಯ ಮೇಲೆ ಬಿದ್ದು, ಹೊಸ ಸೀಲಾದರೂ ಆಯಿಲನ್ನು ಬಿಟ್ಟುಕೊಡುತ್ತದೆ. ಕೊಡಗಿನಲ್ಲಿ ಇದರ ಇನ್ನೊಂದು ಮುಖವೂ ಇದೆ: ಏರು ಹತ್ತಿ ಬಿಸಿಯಾದ ಹೌಸಿಂಗ್ ತೋಡಿನ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ, ಬ್ರೀದರ್ ಮುಚ್ಚಿದ್ದರೆ ಅದೇ ಸೀಲಿನ ತುಟಿಯ ಸಂದಿನಿಂದ ನೀರು ಒಳಸೇರುತ್ತದೆ. ನನ್ನ ವಾಹನದಲ್ಲಿ ಕುಂಬಾರ ಹುಳ ಕೆಂಪು ಮಣ್ಣು ತಂದು ಬ್ರೀದರಿನ ತೂತನ್ನು ಇಟ್ಟಿಗೆಯಂತೆ ಗಟ್ಟಿಯಾಗಿ ಮುಚ್ಚಿತ್ತು. ಮಾಂದಲಪಟ್ಟಿ ಬೆಟ್ಟದಿಂದ ಇಳಿದುಬಂದು ಅದನ್ನು ಪಾನಾ ಹಾಕಿ ಅರ್ಧ ಸುತ್ತು ಸಡಿಲಿಸಿದ್ದೇ ತಡ, ಸೈಕಲ್ ಟ್ಯೂಬಿನ ವಾಲ್ವ್ ಒತ್ತಿದಂತೆ ಉಸ್ಸೆಂದು ಗಾಳಿ ಹೊರಬಂತು. ಅದುವರೆಗೆ ಪಿನಿಯನ್ ಸೀಲಿನ ಗುಣಮಟ್ಟವನ್ನು ನಾನೂ ಬೈಯುತ್ತಿದ್ದೆ. ಈಗ ಬ್ರೀದರಿನ ಜಾಗದಲ್ಲಿ ಒಂದು ನಿಪ್ಪಲ್ ಕೂರಿಸಿ, ಆಯಿಲಿಗೆ ಕರಗದ ರಬ್ಬರ್ ಪೈಪನ್ನು ಬಾನೆಟ್ ಒಳಗಿನವರೆಗೆ ಎತ್ತರಕ್ಕೆ ಎಳೆದು, ಅದರ ಬಾಯಿ ಕೆಳಮುಖವಾಗಿರುವಂತೆ ಕಟ್ಟಿದ್ದೇನೆ. ಚಕ್ರ ತಿರುಗಿಸಿದಾಗ ಪೈಪು ಬಿಗಿಯಾಗದಂತೆ ಸ್ವಲ್ಪ ಸಡಿಲ ಬಿಡಬೇಕು.

ಆಮೇಲೆ ಸೋರುವ ಜಾಗವನ್ನು ಖಚಿತಪಡಿಸಿಕೊಳ್ಳಿ. ಡೀಸೆಲ್ ಮತ್ತು ಬ್ರಷ್ ಹಿಡಿದು ಹೌಸಿಂಗನ್ನು ಪೂರ್ತಿ ತೊಳೆದು ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ಉದುರಿಸಿ, ಹಬ್ ಲಾಕ್ ಮಾಡಿ ಮಣ್ಣುರಸ್ತೆಯಲ್ಲಿ ಎಂಟು ಹತ್ತು ಕಿಲೋಮೀಟರ್ ಓಡಿಸಿ ತಂದು ನೋಡಿದರೆ ಪುಡಿಯ ಮೇಲೆ ಆಯಿಲಿನ ದಾರಿ ಸ್ಪಷ್ಟವಾಗಿ ಮೂಡಿರುತ್ತದೆ. ಗೇರ್ ಆಯಿಲಿಗೆ ಗಂಧಕದ ಘಾಟು ವಾಸನೆ ಇರುವುದರಿಂದ, ಮೇಲಿನಿಂದ ಆಕ್ಸಲ್ ಮೇಲೆ ಬೀಳುವ ಎಂಜಿನ್ ಆಯಿಲಿನಿಂದ ಅದನ್ನು ಬೆರಳಿಗೆ ತಾಗಿಸಿ ಮೂಸಿಯೇ ಬೇರ್ಪಡಿಸಬಹುದು.

ಪಿನಿಯನ್ ಕಡೆಯೇ ಸೋರುತ್ತಿದೆ ಎಂದಾದರೆ, ಏನನ್ನೂ ಬಿಚ್ಚುವ ಮೊದಲು ಜಾಯಿಂಟ್ ಶಾಫ್ಟ್ ಬಂದು ಸೇರುವ ಫ್ಲೇಂಜನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಮತ್ತು ಹಿಂದೆ ಮುಂದೆ ಜಗ್ಗಿ ನೋಡಿ. ಸುತ್ತಿನಲ್ಲಿ ಸ್ವಲ್ಪ ಆಟ ಇರುವುದು ಹಲ್ಲುಗಳ ನಡುವಿನ ಸಹಜ ಸಂದಿನಿಂದ. ಆದರೆ ಮೇಲೆ ಕೆಳಗೆ ಅಲುಗಿದರೆ ಬೇರಿಂಗ್ ಸವೆದಿದೆ ಎಂದರ್ಥ, ಮತ್ತು ಅಲುಗುವ ಶಾಫ್ಟನ್ನು ಯಾವ ಸೀಲೂ ಹಿಡಿಯಲಾರದು. ಬೇರಿಂಗ್ ಗಟ್ಟಿಯಾಗಿದ್ದರೆ ಫ್ಲೇಂಜ್ ತೆಗೆದು, ಸೀಲ್ ಉಜ್ಜುವ ಜಾಗದ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ, ಹಳೆಯ ಗೀರಿನ ಮೇಲೆಯೇ ಹೊಸ ಸೀಲಿನ ತುಟಿ ಕೂತು ಪುನಃ ಸೋರುತ್ತದೆ. ಅಲ್ಲಿಗೆ ತೆಳುವಾದ ಸ್ಟೀಲ್ ಸ್ಲೀವ್ ಹಾಕಿಸಬಹುದು, ಒಳ್ಳೆಯ ಸೆಕೆಂಡ್ ಹ್ಯಾಂಡ್ ಫ್ಲೇಂಜ್ ಸಿಕ್ಕರೆ ಬದಲಿಸಬಹುದು, ಅಥವಾ ಜಾಗ ಇದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಹೆಚ್ಚು ಕಡಿಮೆ ಆಳದಲ್ಲಿ ಕೂರಿಸಿ ತುಟಿಯನ್ನು ಸವೆಯದ ಭಾಗಕ್ಕೆ ತರಬಹುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಜಿಪ್ಸಿಯ ಪಿನಿಯನ್ ಬೇರಿಂಗ್‌ಗಳ ನಡುವೆ, ನಟ್ ಬಿಗಿದಂತೆ ಕುಗ್ಗಿ ಬೇರಿಂಗಿನ ಬಿಗಿತವನ್ನು ನಿರ್ಧರಿಸುವ ಸ್ಪೇಸರ್ ಇದೆ. ಒಮ್ಮೆ ಅತಿಯಾಗಿ ಕುಗ್ಗಿದರೆ ಅದು ಮರಳಿ ಹಿಗ್ಗುವುದಿಲ್ಲ. ಆದ್ದರಿಂದ ನಟ್, ಪಿನಿಯನ್ ತುದಿ ಮತ್ತು ಫ್ಲೇಂಜ್ ಮೂರರ ಮೇಲೂ ಬಿಚ್ಚುವ ಮೊದಲೇ ಚೂಪಾದ ಪಂಚಿನಿಂದ ಗುರುತು ಹಾಕಿ, ನಟ್ ಎಷ್ಟು ಸುತ್ತು ಬಂತೆಂದು ಎಣಿಸಿಟ್ಟುಕೊಂಡು, ಮರಳಿ ಹಾಕುವಾಗ ಅದೇ ಗುರುತಿಗೆ, ಹೆಚ್ಚೆಂದರೆ ಕೂದಲೆಳೆಯಷ್ಟು ಮುಂದಕ್ಕೆ ನಿಲ್ಲಿಸಬೇಕು. ಉದ್ದನೆಯ ಪೈಪು ಸಿಕ್ಕಿಸಿ ಮೈಮೇಲೆ ಬಿದ್ದು ಬಿಗಿಯುವ ಕೈಗಳಿಗೆ ಈ ಕೆಲಸವನ್ನು ಕೊಡಬೇಡಿ. ಹಾಗೆ ಬಿಗಿದ ಬೇರಿಂಗ್ ಬಿಸಿಯಾಗಿ ಹಾಳಾದುದನ್ನು ನಾನು ಕಂಡಿದ್ದೇನೆ.

ಎಡಚಕ್ರದ ಜಿಡ್ಡು ಬೇರೆಯೇ ವಿಷಯ. ಆಕ್ಸಲ್ ಟ್ಯೂಬಿನ ತುದಿಯಲ್ಲಿರುವ ಒಳಗಿನ ಸೀಲ್ ಸೋತಾಗ ಆಯಿಲ್ ಚಕ್ರ ತಿರುಗಿಸುವ ಕೀಲಾದ ಸ್ಟೀರಿಂಗ್ ನಕಲ್ ಒಳಗೆ ಹರಿದು, ಅಲ್ಲಿನ ಗ್ರೀಸನ್ನು ಗಂಜಿಯಂತೆ ತೆಳುಮಾಡಿ ಹೊರಗಿನ ಸೀಲಿನಿಂದ ಇಳಿಸುತ್ತದೆ. ನಿಮ್ಮ ಶೆಡ್ ಎಡಕ್ಕೆ ವಾಲಿದೆಯೇ ಎಂದು ನೋಡಿಕೊಳ್ಳಿ. ಗುಡ್ಡದ ಮನೆಗಳಲ್ಲಿ ಸಮತಟ್ಟಾದ ಜಾಗ ಸಿಗುವುದೇ ಕಡಿಮೆ. ವರ್ಷಾನುಗಟ್ಟಲೆ ಒಂದೇ ಕಡೆಗೆ ವಾಲಿಸಿ ನಿಲ್ಲಿಸಿದ ವಾಹನದಲ್ಲಿ ಆಯಿಲ್ ಆ ಬದಿಯ ಸೀಲಿನ ಮೇಲೆಯೇ ನಿಂತಿರುತ್ತದೆ. ಮಟ್ಟ ಹೆಚ್ಚಾಗಿದ್ದರೂ ಹೀಗೆಯೇ ಆಗುತ್ತದೆ. ಮುಂದಿನದಕ್ಕೆ ಸುಮಾರು 2 ಲೀಟರ್, ಹಿಂದಿನದಕ್ಕೆ ಸುಮಾರು 1.5 ಲೀಟರ್ ಹಿಡಿಯುತ್ತದೆ. ಆದರೂ ಅಳತೆಯನ್ನು ನಂಬುವುದಕ್ಕಿಂತ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ತುಂಬುವ ತೂತಿನ ಕೆಳ ಅಂಚಿಗೆ ಮುಟ್ಟುವಷ್ಟು ಹಾಕುವುದೇ ಸರಿಯಾದ ಕ್ರಮ. ಆಯಿಲ್ ಜಿಎಲ್-5 ದರ್ಜೆಯ ಹೈಪಾಯ್ಡ್ ಗೇರ್ ಆಯಿಲೇ ಆಗಿರಬೇಕು.

ಒಳಗಿನ ಸೀಲ್ ಬದಲಿಸಲು ಹಬ್, ಸ್ಪಿಂಡಲ್, ನಕಲ್ ಎಲ್ಲವನ್ನೂ ಬಿಚ್ಚಬೇಕಾದ್ದರಿಂದ ಒಂದು ಪೂರ್ತಿ ದಿನ ಬೇಕು. ನಕಲ್ ತಿರುಗುವ ಕಿಂಗ್ ಪಿನ್ನಿನ ಮೇಲಿನ ಮತ್ತು ಕೆಳಗಿನ ತೆಳು ಬಿಲ್ಲೆಗಳಾದ ಶಿಮ್‌ಗಳನ್ನು ಬೇರೆ ಬೇರೆಯಾಗಿ ತಂತಿಯಲ್ಲಿ ಪೋಣಿಸಿ ಚೀಟಿ ಕಟ್ಟಿಡಿ. ಆಕ್ಸಲ್ ಶಾಫ್ಟನ್ನು ಮರಳಿ ತೂರಿಸುವಾಗ ಅದರ ಭಾರವನ್ನು ಸೀಲಿನ ತುಟಿಯ ಮೇಲೆ ಹೊರಿಸದೆ, ಒಂದು ಕೈಯನ್ನು ಕೆಳಗೆ ಕೊಟ್ಟು ನೇರವಾಗಿ ಎತ್ತಿ ಹಿಡಿಯಬೇಕು. ಮೊದಲ ಬಾರಿ ನಾನು ಹಾಗೆ ಮಾಡದೆ ಶಾಫ್ಟ್ ತುದಿಯ ಸ್ಪ್ಲೈನಿನ ಹಲ್ಲು ಹೊಸ ಸೀಲಿನ ತುಟಿಯನ್ನು ಅಕ್ಕಿಕಾಳಿನಷ್ಟು ಹರಿದಿತ್ತು. ಅಷ್ಟು ಸಾಕಾಯಿತು, ಮರುದಿನ ಎಲ್ಲವನ್ನೂ ಮತ್ತೆ ಬಿಚ್ಚಬೇಕಾಯಿತು.

ವಿರಾಜಪೇಟೆಯಿಂದ

ಮೇಲೆ ಹೇಳಿದ್ದೆಲ್ಲ ಸರಿ. ನನ್ನದು ಹಳೆಯ ಮಹೀಂದ್ರ ಜೀಪು. ಅದರ ಹೌಸಿಂಗ್‌ನ ತಗಡಿನ ಮುಚ್ಚಳ ಮುಂದಕ್ಕೇ ಮುಖಮಾಡಿರುವುದರಿಂದ ತೋಟದ ಕಲ್ಲು, ಮರದ ಬುಡಗಳ ಪೆಟ್ಟು ನೇರವಾಗಿ ಅದಕ್ಕೇ ತಾಗುತ್ತದೆ. ನನ್ನ ಜೀಪಿನಲ್ಲಿ ಸೋರಿದ್ದು ಸೀಲಿನಿಂದಲ್ಲ, ಮುಚ್ಚಳದ ಅಂಚಿನಿಂದ. ಹಿಂದೆ ಯಾರೋ ಬೋಲ್ಟುಗಳನ್ನು ಅತಿಯಾಗಿ ಬಿಗಿದು, ತೂತಿನ ಸುತ್ತ ತಗಡು ಒಳಕ್ಕೆ ಕುಳಿಬಿದ್ದಿತ್ತು. ಅದರ ಮೇಲೆ ಎಷ್ಟು ಗ್ಯಾಸ್ಕೆಟ್ ಹಾಕಿದರೂ ಎರಡು ಬೋಲ್ಟುಗಳ ನಡುವೆ ಸಂದು ಉಳಿಯುತ್ತಿತ್ತು. ಮುಚ್ಚಳವನ್ನು ಚಪ್ಪಟೆ ಕಬ್ಬಿಣದ ಮೇಲೆ ಮಗುಚಿಟ್ಟು ಕುಳಿಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಸಮಮಾಡಿ, ಎರಡೂ ಮುಖಗಳನ್ನು ಥಿನ್ನರಿನಿಂದ ಜಿಡ್ಡಿಲ್ಲದಂತೆ ಒರೆಸಿ, ಸಿಲಿಕಾನ್ ಹಚ್ಚಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು ಒಂದು ರಾತ್ರಿ ಬಿಟ್ಟು ಆಯಿಲ್ ತುಂಬಿದ ಮೇಲೆ ಮೂರು ಮಳೆಗಾಲ ಕಳೆದರೂ ಸೋರಿಲ್ಲ.

ಆಯಿಲ್ ಇಳಿಸುವ ಮೊದಲು ತುಂಬುವ ಪ್ಲಗ್ ಬಿಚ್ಚುತ್ತದೆಯೇ ಎಂದು ನೋಡಿಕೊಳ್ಳುವುದನ್ನು ಮರೆಯಬೇಡಿ. ನನ್ನ ಜೀಪಿನಲ್ಲಿ ಅದು ತುಕ್ಕು ಹಿಡಿದು ಕೂತಿತ್ತು. ಕೆಳಗಿನದನ್ನು ಮೊದಲು ಬಿಚ್ಚಿದ್ದರೆ ಒಣ ಡಿಫರೆನ್ಷಿಯಲ್ ಇಟ್ಟುಕೊಂಡು ಕೂರಬೇಕಾಗುತ್ತಿತ್ತು. ಇಳಿದ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ತಿಳಿಯಿರಿ. ಪ್ಲಗ್ಗಿನ ಆಯಸ್ಕಾಂತದಲ್ಲಿ ಮಸಿಯಂಥ ನುಣ್ಣನೆಯ ಪುಡಿ ಇರುವುದು ಸಹಜ. ಚಕ್ಕೆಗಳು ಸಿಕ್ಕರೆ ಸೀಲಿನ ಮಾತು ಬಿಟ್ಟು ಹಲ್ಲು, ಬೇರಿಂಗ್‌ಗಳನ್ನು ತೆರೆದು ನೋಡಬೇಕು. ಇಳಿಸಿದ ಆಯಿಲನ್ನು ಬೇಲಿಗೂಟಗಳಿಗೆ ಬಳಿಯುವ ಅಥವಾ ಶೆಡ್ಡಿನ ಹಿಂದೆ ಚೆಲ್ಲುವ ರೂಢಿ ನಮ್ಮಲ್ಲಿದೆ. ನಮ್ಮ ತೋಟಗಳ ನೀರು ತೋಡುಗಳ ಮೂಲಕ ಹೊಳೆಗೇ ಸೇರುತ್ತದೆ. ದಯವಿಟ್ಟು ಡಬ್ಬದಲ್ಲಿ ತುಂಬಿಟ್ಟು ಹಳೆಯ ಆಯಿಲ್ ಕೊಳ್ಳುವವರಿಗೇ ಕೊಡಿ.

ಕುಟ್ಟದಿಂದ

ಮುಂದಿನ ಚಕ್ರಗಳು ಬಿಡಿಬಿಡಿಯಾಗಿ ಆಡುವ, ಸ್ಪ್ರಿಂಗಿನ ಬದಲು ಟಾರ್ಷನ್ ಬಾರ್ ಇರುವ ವಾಹನದವರೂ ಇದನ್ನು ಓದುತ್ತಿದ್ದರೆ ಅವರಿಗಾಗಿ ಒಂದು ಮಾತು. ನನ್ನ ಪಿಕಪ್‌ನಲ್ಲಿ ಡ್ರೈವ್ ಶಾಫ್ಟ್ ಡಿಫರೆನ್ಷಿಯಲ್ ಒಳಗೆ ಸೇರುವ ಜಾಗದ ಬದಿಯ ಸೀಲ್ ಸೋರುತ್ತಿತ್ತು. ಅದಕ್ಕೆ ಹೌಸಿಂಗ್ ಬಿಚ್ಚಬೇಕಾಗಿಲ್ಲ. ಶಾಫ್ಟ್ ಎಳೆದು ಸೀಲ್ ಬದಲಿಸಿದರಾಯಿತು, ತುದಿಯಲ್ಲಿ ಅದನ್ನು ಹಿಡಿದಿಡುವ ಸರ್ಕ್ಲಿಪ್ಪನ್ನೂ ಹೊಸದು ಹಾಕಿ. ಸೀಲ್ ಕೊಳ್ಳುವಾಗ ವಾಹನದ ಹೆಸರು ಹೇಳಿದರೆ ಸಾಲದು. ಹಳೆಯ ಸೀಲಿನ ಮೇಲಿನ ನಂಬರ್ ಓದಿ, ಅಳಿಸಿಹೋಗಿದ್ದರೆ ವರ್ನಿಯರ್‌ನಿಂದ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಅಳೆದು ಕೇಳಿ.

ಸೋಮವಾರಪೇಟೆಯಿಂದ ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ಈ ಸಂಜೆ ಬ್ರೀದರ್ ಬಿಚ್ಚಿದೆ. ಒಳಗೆ ಮಣ್ಣು ಗಟ್ಟಿಯಾಗಿ ಕೂತಿದೆ, ಕಡ್ಡಿಯೂ ತೂರುವುದಿಲ್ಲ. ಫ್ಲೇಂಜ್ ಅಲುಗುವುದಿಲ್ಲ. ಶೆಡ್ಡೂ ಎಡಕ್ಕೇ ವಾಲಿದೆ. ಆದರೆ ಕಕ್ಕಡ ತಿಂಗಳ ಮಳೆ ಬಿಡುವವರೆಗೆ ನಕಲ್ ಬಿಚ್ಚುವ ಕೆಲಸಕ್ಕೆ ಜಾಗವೂ ಇಲ್ಲ, ಜನವೂ ಇಲ್ಲ. ಸೆಪ್ಟೆಂಬರಿನ ಕೈಲ್ ಪೋಳ್ದ್ ಹಬ್ಬ ಕಳೆದ ಮೇಲೆ ಮಾಡಿಸಿದರೆ ಆದೀತೇ?

ಸುಂಟಿಕೊಪ್ಪದಿಂದ

ಹೊಸ ಬ್ರೀದರನ್ನು ನಾಳೆಯೇ ಹಾಕಿ. ಅದಕ್ಕೆ ಅರ್ಧ ಗಂಟೆ ಸಾಕು. ಪಿನಿಯನ್ ಸೋರಿಕೆ ಅಷ್ಟರಿಂದಲೇ ಬಹಳ ಮಟ್ಟಿಗೆ ಇಳಿಯಬಹುದು, ಇಳಿಯಿತೇ ಎಂದು ಸೀಮೆಸುಣ್ಣದ ಪುಡಿಯಲ್ಲಿ ನೋಡಿಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಆಯಿಲಿನ ಮಟ್ಟ ಪರೀಕ್ಷಿಸಿ, ತೋಡು ದಾಟಿದ ವಾರ ತಪ್ಪದೆ ಬಣ್ಣವನ್ನೂ ನೋಡಿ, ಡಾಮರು ರಸ್ತೆಗೆ ಬಂದ ಕೂಡಲೇ ಫೋರ್ ವ್ಹೀಲ್ ಬಿಡಿಸಿ. ವಾಹನವನ್ನು ಮುಖ ತಿರುಗಿಸಿ ನಿಲ್ಲಿಸಿದರೆ ಭಾರ ಬಲಬದಿಗೆ ಹೋಗಿ ಎಡ ಸೀಲಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಇಷ್ಟು ಮಾಡಿದರೆ ಡಿಫರೆನ್ಷಿಯಲ್ ಸೆಪ್ಟೆಂಬರ್‌ವರೆಗೆ ಕಾಯುತ್ತದೆ.

ಬ್ರೇಕ್ ಮಾತ್ರ ಕಾಯುವುದಿಲ್ಲ. ಎಡಚಕ್ರವನ್ನು ನಾಳೆಯೇ ಬಿಚ್ಚಿ, ಜಿಡ್ಡು ಡಿಸ್ಕಿನವರೆಗೆ ತಲುಪಿದೆಯೇ ನೋಡಿ. ಪ್ಯಾಡ್ ಒಮ್ಮೆ ಆಯಿಲ್ ಕುಡಿದರೆ ಪೆಟ್ರೋಲಿನಲ್ಲಿ ತೊಳೆದರೂ ಸರಿಹೋಗುವುದಿಲ್ಲ, ಬ್ರೇಕ್ ಹಿಡಿದಾಗ ವಾಹನ ಬಲಕ್ಕೆ ಎಳೆಯುತ್ತದೆ. ಪ್ಯಾಡ್ ತೊಯ್ದಿದ್ದರೆ ಎರಡೂ ಬದಿಯ ಪ್ಯಾಡುಗಳನ್ನು ಬದಲಿಸಿ, ಒಳಗಿನ ಸೀಲಿನ ಕೆಲಸವನ್ನು ಮಳೆಯಲ್ಲೇ ಆದರೂ ಮಾಡಿಸಿ. ಅಲ್ಲಿಯವರೆಗೆ ಆ ವಾಹನವನ್ನು ಸಂಪಾಜೆ ಘಾಟಿಗೆ ಇಳಿಸಬೇಡಿ. ಕೆಲಸಕ್ಕೆ ಜಾಗವಿಲ್ಲದಿದ್ದರೆ ನಮ್ಮ ಕಾಫಿ ಕಣದ ಪಕ್ಕದ ಶೆಡ್ ಈಗ ಖಾಲಿ ಇದೆ, ನೆಲ ಸಮತಟ್ಟಾಗಿದೆ, ಫ್ಲೇಂಜ್ ಎಳೆಯುವ ಪುಲ್ಲರೂ ಇದೆ.