ಅಪ್‌ಡೇಟ್: ಮೇಲಿನ ಮನೆಯವರ ಸೌಂಡ್ ಬಾಕ್ಸ್ ಕೊನೆಗೂ ನಿಂತಿತು

ವಿಜಯಪುರದಲ್ಲಿ ನಮಗೆ ಸರ್ಕಾರದಿಂದ ಸಿಕ್ಕ ಮನೆ, ಅದರ ಮೇಲಿನ ಮಹಡಿಯವರ ಕಾಟ ಇವುಗಳ ಬಗ್ಗೆ ಇಲ್ಲಿ ನಿಮ್ಮ ಸಲಹೆ ಕೇಳಿದ್ದೆ. ನಡುರಾತ್ರಿವರೆಗೆ ಹಾಡು, ಪಾವಟಿಗೆ ಮೇಲೆ ಕುಡಿತ, ಕೇಳಲು ಹೋದರೆ ಬೈಗುಳ. ಏನಾಯ್ತು ಅಂತ ಜಾಸ್ತಿ ಜನ ವಿಚಾರಿಸಿದಿರಿ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು 112ಕ್ಕೆ ಫೋನ್ ಮಾಡಿದೆವು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೀಗೆ ಧ್ವನಿವರ್ಧಕ ಹಚ್ಚುವಂತಿಲ್ಲ, 2000ದ ಶಬ್ದ ಮಾಲಿನ್ಯ ನಿಯಮಗಳಲ್ಲೇ ಇದೆ. ಪೊಲೀಸರು ಬಂದರೆ ಸದ್ದು ನಿಲ್ಲುತ್ತಿತ್ತು. ಜೀಪು ಓಣಿ ದಾಟಿದ ಕೂಡಲೇ ಮತ್ತೆ ಶುರು.

ಕೆಲಸಕ್ಕೆ ಬಂದದ್ದು ಎಲ್ಲ ಮನೆಯವರೂ ಸೇರಿ ಠಾಣೆಗೆ ಕೊಟ್ಟ ಅರ್ಜಿ. ಎದುರು ಮನೆ ಕಾಕು ತುಂಬಾ ಹೆದರಿದ್ದರು. "ನಾಳೆ ನನ್ನ ಮೊಮ್ಮಗಳು ಅದೇ ಪಾವಟಿಗಿ ಹತ್ತಬೇಕಲ್ಲವ್ವಾ" ಅಂದರು. ಸ್ವಲ್ಪ ಹೊತ್ತು ಸುಮ್ಮನೆ ಕೂತು, ತಾವೇ ಇಂಕಿನ ಡಬ್ಬಿ ಎಳೆದುಕೊಂಡು ಹೆಬ್ಬೆಟ್ಟು ಒತ್ತಿದರು. ಅವರನ್ನು ನೋಡಿ ಉಳಿದವರೂ ಸಹಿ ಹಾಕಿದರು.

ಠಾಣೆಯಿಂದ ತಹಶೀಲ್ದಾರರಿಗೆ ವರದಿ ಹೋಯಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ (ಹಳೆಯ ಸಿಆರ್‌ಪಿಸಿಯ 107) ಪ್ರಕಾರ, ಶಾಂತಿ ಕದಡುವುದಿಲ್ಲ ಅಂತ ಮೇಲಿನ ಮನೆಯವರಿಂದ ಮುಚ್ಚಳಿಕೆ ಬರೆಸಿಕೊಂಡರು. ಗಲಾಟೆ ಮಾಡಿದರೆ ಬಾಂಡಿನ ಹಣ ಕಟ್ಟಬೇಕು. ಅಂದಿನಿಂದ ಸೌಂಡ್ ಬಾಕ್ಸ್ ಬಂದ್.

ಕುಡಿತ ಪೂರ್ತಿ ನಿಂತಿಲ್ಲ, ಗೇಟಿನ ಆಚೆ ಹೋಗಿದೆ ಅಷ್ಟೇ. ಮನೆಯನ್ನೇ ಖಾಲಿ ಮಾಡಿಸಿ ಅಂತ ಕೆಲವರು ಹೇಳಿದ್ದಿರಿ. ಅಲ್ಲಿ ಸಣ್ಣ ಮಕ್ಕಳಿವೆ, ಅವು ಎಲ್ಲಿಗೆ ಹೋಗಬೇಕು? ನಾನು ಆ ದೂರು ಕೊಡಲ್ಲ.

ನೀವೂ ಅರ್ಜಿ ಕೊಡುವುದಾದರೆ ನಿಮ್ಮ ನಕಲಿನ ಮೇಲೆ ಠಾಣೆಯ ಸೀಲು, ತಾರೀಖು ಹಾಕಿಸಿಕೊಳ್ಳಿ. ಮುಂದೆ ಎಲ್ಲ ಕಡೆ ಅದನ್ನೇ ಕೇಳುತ್ತಾರೆ.