1992ರಲ್ಲಿ ಪಾರ್ಟಿಜಾನ್ ಯುರೋಪ್ ಚಾಂಪಿಯನ್ ಆದದ್ದು ಹೇಗೆ?

ಪ್ರಶ್ನೆ: ಬೆಲ್‌ಗ್ರೇಡ್‌ನ ಪಾರ್ಟಿಜಾನ್ ಬ್ಯಾಸ್ಕೆಟ್‌ಬಾಲ್ ಕ್ಲಬ್ ತವರು ನೆಲದಿಂದ ದೂರವಿದ್ದೇ ಯುರೋಪಿನ ಕಿರೀಟ ಗೆದ್ದಿತೆಂದು ಕೇಳಿದ್ದೇನೆ. ಅದರ ಹಿನ್ನೆಲೆಯನ್ನು ಬಲ್ಲವರು ವಿವರಿಸುವಿರಾ?

ಉತ್ತರ 1: 1945ರಲ್ಲಿ ಸ್ಥಾಪನೆಯಾದ ಈ ಕ್ಲಬ್ 1978, 1979 ಮತ್ತು 1989ರಲ್ಲಿ ಯುರೋಪಿನ ಕೆಳಹಂತದ ಕ್ಲಬ್ ಪಂದ್ಯಾವಳಿಯಾದ ಕೊರಾಚ್ ಕಪ್ ಗೆದ್ದಿತ್ತಾದರೂ, ಅದರ ಅತ್ಯುನ್ನತ ಸಾಧನೆ 1992ರದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯುಗೊಸ್ಲಾವಿಯಾದಲ್ಲಿ ಯುದ್ಧ ನಡೆಯುತ್ತಿದ್ದುದರಿಂದ ತಂಡವು ತನ್ನ ತವರು ಪಂದ್ಯಗಳನ್ನು ಬಹುತೇಕ ಸ್ಪೇನ್‌ನ ಫುಯೆನ್ಲಬ್ರಾಡಾ ಪಟ್ಟಣದಲ್ಲಿ ಆಡಬೇಕಾಯಿತು. ಅಲ್ಲಿನ ಜನ ಈ ಯುವ ಆಟಗಾರರನ್ನು ತಮ್ಮವರೆಂದೇ ಅಪ್ಪಿಕೊಂಡರು. ಹಿಂದಿನ ವರ್ಷದವರೆಗೆ ಸ್ವತಃ ಆಟಗಾರನಾಗಿದ್ದ ಝೆಲ್ಕೊ ಒಬ್ರಾಡೊವಿಚ್ ಅವರಿಗೆ ಅದು ತರಬೇತುದಾರರಾಗಿ ಮೊದಲ ಋತು. ಇಸ್ತಾಂಬುಲ್‌ನ ಅಂತಿಮ ಪಂದ್ಯದಲ್ಲಿ ಸ್ಪೇನ್‌ನ ಜುವೆಂಟುಟ್ ಬಡಲೋನಾ 70–68ರಿಂದ ಮುಂದಿದ್ದಾಗ, ಪಾರ್ಟಿಜಾನ್‌ನ ಅಲೆಕ್ಸಾಂಡರ್ ಜಾರ್ಜೆವಿಚ್ ಅಂಕಣದುದ್ದಕ್ಕೂ ಚೆಂಡನ್ನು ಪುಟಿಸುತ್ತ ಓಡಿ, ಕೊನೆಯ ಕ್ಷಣಗಳಲ್ಲಿ ಮೂರು ಅಂಕಗಳ ಎಸೆತವನ್ನು ಬುಟ್ಟಿಗೆ ಸೇರಿಸಿದರು. ಫಲಿತಾಂಶ 71–70. ಆ ಓಟವನ್ನು ಎಷ್ಟು ಬಾರಿ ನೋಡಿದರೂ ನನಗೆ ಮೈ ನವಿರೇಳುತ್ತದೆ.

ಉತ್ತರ 2: ಫೈನಲ್ ಫೋರ್‌ನ, ಅಂದರೆ ಕೊನೆಯ ನಾಲ್ಕು ತಂಡಗಳ ಹಂತದ, ಶ್ರೇಷ್ಠ ಆಟಗಾರರೆಂಬ ಗೌರವ ಪಾರ್ಟಿಜಾನ್‌ನ ಪ್ರೆಡ್ರಾಗ್ ಡಾನಿಲೊವಿಚ್ ಅವರದಾಯಿತೆಂಬುದನ್ನೂ ಮರೆಯಬಾರದು. ದುಃಖದ ಸಂಗತಿಯೆಂದರೆ, ಯುಗೊಸ್ಲಾವಿಯಾದ ಮೇಲೆ ವಿಶ್ವಸಂಸ್ಥೆ ಹೇರಿದ ನಿರ್ಬಂಧದಿಂದಾಗಿ ಮುಂದಿನ ಋತುವಿನಲ್ಲಿ ಪಟ್ಟವನ್ನು ಉಳಿಸಿಕೊಳ್ಳಲು ಹೋರಾಡುವ ಅವಕಾಶವೇ ಚಾಂಪಿಯನ್ನರಿಗೆ ದೊರೆಯಲಿಲ್ಲ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಸೋತ ಬಡಲೋನಾ ಮುಂದೆ ಎಂದಾದರೂ ಆ ಪ್ರಶಸ್ತಿಯನ್ನು ಗೆದ್ದಿತೇ?

ಉತ್ತರ 1: ಹೌದು, 1994ರಲ್ಲಿ ಗೆದ್ದಿತು, ಆಗ ಅದರ ತರಬೇತುದಾರರಾಗಿದ್ದವರು ಇದೇ ಒಬ್ರಾಡೊವಿಚ್.